ಅಕ್ಕನನ್ನು ಅಳೆಯಲು ಹೋದದ್ದು

ಮನುಷ್ಯನನ್ನು ಅಳೆಯುವ ವಿದ್ಯೆ ನನಗೆ ಎರಡೇ ದಿನದಲ್ಲಿ ಕರಗತವಾಯಿತು. ಇದು ಜಂಬವಲ್ಲ, ನನ್ನ ಬಳಿ ಪ್ರಮಾಣಪತ್ರವಿದೆ. ಅದರ ಜೊತೆಗೆ ಒಂದು ಚೀಲ ಮತ್ತು ಒಂದು ಪೆನ್ನನ್ನೂ ಕೊಟ್ಟಿದ್ದರು. ಪೆನ್ನು ಮೊದಲನೆಯ ದಿನವೇ ಬರೆಯುವುದನ್ನು ನಿಲ್ಲಿಸಿತು. ಚೀಲದಲ್ಲಿ ಈಗ ನನ್ನ ಹೆಂಡತಿ ಶೋಭಾ ಸಂತೆಯಿಂದ ಉಳ್ಳಾಗಡ್ಡಿ ತರುತ್ತಾಳೆ. ವಿದ್ಯೆ ಮಾತ್ರ ನನ್ನಲ್ಲೇ ಉಳಿಯಿತು!

ನಾನು ಬೆಳಗಾವಿಯ ಒಂದು ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಆ ತರಬೇತಿಗೆ ನಿಜವಾಗಿ ಹೋಗಬೇಕಾಗಿದ್ದವರು ನಮ್ಮ ಸಾಹೇಬರು. ತರಬೇತಿ ಇದ್ದ ದಿನ ಅವರಿಗೆ ಮೈಯಲ್ಲಿ ಹುಷಾರಿರುವುದಿಲ್ಲ. ಇದು ಇಡೀ ಕಚೇರಿಗೆ ಗೊತ್ತಿರುವ ಕಾಯಿಲೆ. ಹಾಗಾಗಿ ನನ್ನನ್ನು ಅಟ್ಟಿದರು. ವಿಷಯ: 'ಆರೋಗ್ಯ, ಕಾರ್ಯಸಾಮರ್ಥ್ಯ ಮತ್ತು ಅಂಗವೈಕಲ್ಯದ ಅಂತರರಾಷ್ಟ್ರೀಯ ವರ್ಗೀಕರಣ'. ಈ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವನಿಗೆ ಉಸಿರಾಟದ ತೊಂದರೆ ಇಲ್ಲವೆಂದು ಧಾರಾಳವಾಗಿ ಬರೆದುಕೊಳ್ಳಬಹುದು.

ಪಾಠ ಹೇಳಿದ ಡಾಕ್ಟರು ಒಳ್ಳೆಯವರು. "ರೋಗದ ಹೆಸರು ಕೇಳಿ ಮನುಷ್ಯನನ್ನು ತೂಗಬೇಡಿ. ಅವನ ದೇಹ ಹೇಗಿದೆ, ಅವನು ಏನು ಮಾಡಬಲ್ಲ, ದಿನಾ ನಿಜವಾಗಿ ಏನು ಮಾಡುತ್ತಾನೆ, ಜನರ ನಡುವೆ ಹೇಗೆ ಬೆರೆಯುತ್ತಾನೆ, ಅವನ ಸುತ್ತಲಿನ ಪರಿಸರ ಅವನಿಗೆ ನೆರವೋ ಅಡಚಣೆಯೋ, ಇಷ್ಟನ್ನೂ ನೋಡಿ" ಎಂದರು. ಪ್ರತಿಯೊಂದಕ್ಕೂ ಒಂದು ಅಂಕಿ. ತೊಂದರೆ ಇಲ್ಲದಿದ್ದರೆ ಸೊನ್ನೆ, ಸ್ವಲ್ಪ ಇದ್ದರೆ ಒಂದು, ಹಾಗೆ ಏರುತ್ತಾ ಹೋಗಿ ಪೂರ್ತಿ ಆಗದಿದ್ದರೆ ನಾಲ್ಕು. ಶಾಲೆಯಲ್ಲಿ ಕಲಿತಷ್ಟು ಕಾಲವೂ ಸೊನ್ನೆ ಕಂಡು ಹೆದರಿದ್ದ ನನಗೆ, ಸೊನ್ನೆಯೇ ಶ್ರೇಷ್ಠ ಎನ್ನುವ ಶಾಸ್ತ್ರ ಬಹಳ ಹಿಡಿಸಿತು. ಪರಿಸರದ ಭಾಗ ಬಂದಾಗ ಮಾತ್ರ ಮಧ್ಯಾಹ್ನದ ಊಟ ಆಗಿತ್ತು. ಊಟದಲ್ಲಿ ಹೋಳಿಗೆ ಇತ್ತು. ಆ ಭಾಗದುದ್ದಕ್ಕೂ ನಾನು ಕಣ್ಣು ಮುಚ್ಚಿ ಆಲಿಸಿದೆ.

ರಾಮತೀರ್ಥ ನಗರದ ನಮ್ಮ ಮನೆಗೆ ಮರಳಿದವನೇ ಸಿಕ್ಕಸಿಕ್ಕವರನ್ನು ಅಳೆಯತೊಡಗಿದೆ. ಬಾಜು ಮನೆಯ ಮಕಾನದಾರ ಚಾಚಾ ಮಂಡಿ ನೋವೆಂದು ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. "ಏಳುವುದರಲ್ಲಿ ಎರಡು, ಇಳಿಯುವುದರಲ್ಲಿ ಮೂರು" ಎಂದು ಘೋಷಿಸಿದೆ. ಚಾಚಾ ಗಾಬರಿಯಾಗಿ, "ಅರೆ ಸಾಹೇಬ್ರ, ನನ್ನ ಪಾಸ್ ಮಾಡ್ರಿ, ಮನಿಯಾಗ ಮೊಮ್ಮಕ್ಕಳ ಅದಾವ" ಎಂದು ಕೈ ಮುಗಿದು, ಮಂಡಿ ನೋವನ್ನೂ ಮರೆತು ಸರಸರ ಇಳಿದು ಹೋದರು. ನನ್ನ ವಿದ್ಯೆಯಿಂದ ಗುಣವಾದ ಮೊದಲ ರೋಗಿ!

ಶೋಭಾ ಮಾತ್ರ ನಾನು ಅಂಕಿ ಬರೆದಿಡುತ್ತಿದ್ದ ಪುಸ್ತಕ ಕಸಿದುಕೊಂಡು ನಾನು ನನಗೇ ಹಾಕಿಕೊಂಡಿದ್ದ ಅಂಕಿಗಳನ್ನು ಓದಿದಳು.

"ಏನ್ರೀ ಇದು? ಮನಿಗೆಲಸದ ಮುಂದ ಎಲ್ಲಾದಕೂ ಒಂಬತ್ತ ಹಾಕ್ಕೊಂಡೀರಿ? ನಾಕಕ್ಕ ಮುಗೀತೈತಿ ಅಂದಿದ್ರಿ?"

"ಒಂಬತ್ತಂದ್ರ 'ಅನ್ವಯಿಸುವುದಿಲ್ಲ' ಅಂತ ಅರ್ಥ" ಎಂದು ಗಂಭೀರವಾಗಿ ಹೇಳಿದೆ.

"ಹಾಸಗಿ ಮಡಚೂದು ನಿಮಗ ಅನ್ವಯಿಸಂಗಿಲ್ಲಾ?"

"ನೋಡು ಶೋಭಾ, ಮಾಡಾಕ ಆಗೂದು ಬ್ಯಾರೆ, ಮಾಡೂದು ಬ್ಯಾರೆ. ಶಾಸ್ತ್ರದಾಗ ಇವೆರಡಕ್ಕೂ ಬ್ಯಾರೆ ಬ್ಯಾರೆ ಅಂಕಿ ಐತಿ."

"ಅದನ್ನ ನಾ ಲಗ್ನಾದ ವಾರಕ್ಕ ಕಂಡ್ಹಿಡದೇನ್ರಿ. ನಂಗ್ಯಾರೂ ಚೀಲಾ ಕೊಡಲಿಲ್ಲ" ಎಂದು ಅವಳು ಹಾಸಿಗೆ ಮಡಚಲು ಹೋದಳು.

ಇಂಥ ಶುಭ ಮುಹೂರ್ತದಲ್ಲಿ ಖಾನಾಪುರದಿಂದ ನನ್ನ ಅಕ್ಕನ ಫೋನ್ ಬಂತು.

ಕಮಲಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸಣಕಲಾಗಿ ಉಳಿಯಿತು. ಕೋಲು ಹಿಡಿದು ನಡೆಯುತ್ತಾಳೆ. ಮದುವೆಯಾಗಲಿಲ್ಲ. ಖಾನಾಪುರದ ಪೇಟೆಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದಾಳೆ. ಅಂಗಡಿಯ ಹಿಂದೆಯೇ ಮನೆ. ದೇವರು, ನವದಂಪತಿ, ತೀರಿಕೊಂಡ ಹಿರಿಯರು, ಎಲ್ಲರೂ ಅವಳ ಕೈಯಲ್ಲೇ ಗಾಜಿನೊಳಗೆ ಹೋಗಬೇಕು. ಕನ್ನಡದವರೊಂದಿಗೆ ಕನ್ನಡ, ಮರಾಠಿಯವರೊಂದಿಗೆ ಮರಾಠಿ, ಹಣ ಬಾಕಿ ಇಟ್ಟವರೊಂದಿಗೆ ಎರಡೂ ಸೇರಿಸಿ ಮಾತಾಡುತ್ತಾಳೆ.

ಅವಳಿಗೆ ಒಂದೇ ಒಂದು ಆಸೆ. ಕಣಕುಂಬಿಯ ದಾರಿಯ ಹಳ್ಳಿಗಳಿಂದ ಜನ ಫೋಟೋ ತಂದು ಕೊಡುತ್ತಾರೆ. ಕಟ್ಟು ಹಾಕಿಸಿ ಒಯ್ಯುವಾಗ ಬಸ್ಸಿನ ನೂಕಾಟದಲ್ಲಿ ಗಾಜು ಒಡೆಯುತ್ತದೆ. ತಾನೇ ಮನೆಮನೆಗೆ ಹೋಗಿ, ಗೋಡೆಗೆ ಮೊಳೆ ಹೊಡೆದು, ಫೋಟೋ ತೂಗುಹಾಕಿ ಬರಬೇಕು. ಅದೂ ಒಬ್ಬಳೇ ಹೋಗಬೇಕು. ಅದಕ್ಕೆ ಪಕ್ಕದಲ್ಲಿ ಎರಡು ಗಾಲಿ ಹೆಚ್ಚಿಗೆ ಕೂರಿಸಿದ ಸ್ಕೂಟರ್ ಬೇಕು. ಹಿಂದೊಮ್ಮೆ ಇದಕ್ಕಾಗಿ ಅವಳು ಒಂದು ಕಚೇರಿಗೆ ಹೋಗಿದ್ದಳು. ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ, ನಾನೂ ಕಚೇರಿಯವನೇ. ಕಾಲಿಲ್ಲದವರಿಗೆ ನೆರವು ಕೊಡುವ ಆ ವಿಭಾಗ ಇದ್ದದ್ದು ಎರಡನೆಯ ಮಹಡಿಯಲ್ಲಿ. ಅಕ್ಕ ಗೋಡೆ ಹಿಡಿದು, ಮೆಟ್ಟಿಲ ಮೇಲೆ ಕೂತು ಕೂತು, ಹೇಗೋ ಹತ್ತಿ ಹೋದಳು. ಅಲ್ಲಿಯ ಗುಮಾಸ್ತ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಮ್ಯಾಲ ಹತ್ತಿ ಬಂದೀರಲ್ಲ ಬಾಯಾರ? ಮತ್ತೇನ ತ್ರಾಸೈತಿ ನಿಮಗ?" ಎಂದನಂತೆ.

ಈ ಸಲ ಒಂದು ಸೇವಾ ಸಂಸ್ಥೆ ಅಂಥ ಸ್ಕೂಟರ್ ಕೊಡುವುದಿತ್ತು. ಅವರು ಎಲ್ಲಿಗೂ ಹತ್ತಿಸುವುದಿಲ್ಲ. ತಾವೇ ಮನೆಗೆ ಬಂದು ನೋಡುತ್ತಾರೆ.

"ತಮ್ಮಾ, ಮುಂದಿನ ಸೋಮವಾರ ಬರ್ತಾರಂತ. ಅದೇನೋ ಜಗತ್ತಿಗೆಲ್ಲಾ ಒಂದ ಅಳತಿ ಐತಂತಲ್ಲ, ಹಂಗ ಬರ್ಕೊಂಡ ಹೋಗ್ತಾರಂತ" ಎಂದಳು ಅಕ್ಕ.

ನನ್ನ ಎದೆ ಹಿಗ್ಗಿತು. ಜಗತ್ತಿನ ಅಳತೆ! ಅದು ನನ್ನ ಚೀಲದಲ್ಲೇ ಇದೆ!

"ಅಕ್ಕಾ, ನೀ ಏನೂ ಮಾತಾಡಬ್ಯಾಡ. ನಾ ಬರ್ತೀನಿ. ಎಲ್ಲಾ ನಾನ ನೋಡ್ಕೋತೀನಿ."

"ಶೋಭಾ ಇಲ್ಲೇನು?" ಎಂದು ಕೇಳಿದಳು ಅಕ್ಕ.

ಶೋಭಾ ನನ್ನನ್ನು ತಡೆಯಲು ತನ್ನಿಂದಾದಷ್ಟು ನೋಡಿದಳು. "ಅಕ್ಕಾರು ಒಬ್ಬರ ಇದ್ರ ಕೆಲಸಾ ಆಗ್ತೈತ್ರಿ. ಅವರ ಬಾಳೇ ಹೇಳ್ತೈತಿ. ನೀವು ನಡುವ ಹೋಗಿ ವಕೀಲಕಿ ಮಾಡಬ್ಯಾಡ್ರಿ" ಎಂದಳು. ಶಾಸ್ತ್ರ ತಿಳಿಯದವರ ಮಾತಿಗೆ ಕಿವಿಗೊಡಬಾರದೆಂದು ನಾನು ಭಾನುವಾರ ಬೆಳಗ್ಗೆಯೇ ಖಾನಾಪುರದ ಬಸ್ ಹತ್ತಿದೆ.

ಹೋದ ತಕ್ಷಣ ತಾಲೀಮು ಶುರುವಾಯಿತು. ನಾನು ಅಧಿಕಾರಿ, ಅಕ್ಕ ಅಕ್ಕನೇ.

"ನೋಡಕ್ಕ, ಏನ ಕೇಳಿದ್ರೂ 'ಆಗಂಗಿಲ್ಲ' ಅನ್ನು. ಆಗ್ತೈತಿ ಅಂದ್ರ ಸೊನ್ನಿ. ಸೊನ್ನಿ ಬಿತ್ತಂದ್ರ ಗಾಡಿ ಹೋತು. ತಿಳೀತಿಲ್ಲೋ?"

"ಆಗೂದನ್ನ ಆಗಂಗಿಲ್ಲ ಅಂತ ಹೆಂಗ ಅನ್ಲೋ?"

"ಗಾಡಿ ಬೇಕೋ ಬ್ಯಾಡೋ?"

"ಬೇಕು."

"ಹಂಗಾರ ಅನ್ನು." ನಾನು ಬಾಗಿಲಾಚೆ ಹೋಗಿ, ಗಂಟಲು ಸರಿಪಡಿಸಿಕೊಂಡು, ಅಧಿಕಾರಿಯ ಗತ್ತಿನಲ್ಲಿ ಒಳಗೆ ಬಂದೆ. "ನಮಸ್ಕಾರ್ರಿ ಬಾಯಾರ. ಆರಾಮ ಅದೀರಿ?"

"ಆರಾಮ ನೋಡ್ರಿ!" ಎಂದಳು ಅಕ್ಕ ಮುಖ ಅರಳಿಸಿ.

"ಅಲ್ಲೇ ಸೊನ್ನಿ ಬಿತ್ತು ನೋಡು!"

ನಮ್ಮ ಕಡೆಯವರಿಗೆ ಇದೊಂದು ದೊಡ್ಡ ರೋಗ. ಹೆಣ ಸಾಗಿಸಲು ಹೊರಟವನನ್ನು ತಡೆದು ಆರಾಮವೇ ಎಂದು ಕೇಳಿದರೂ, ಹೆಗಲು ಬದಲಿಸಿ "ಆರಾಮ್ರಿ, ನೀವು?" ಎನ್ನುತ್ತಾನೆ. ಆಸ್ಪತ್ರೆಯ ಮಂಚದ ಮೇಲೆ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದವನದ್ದೂ ಅದೇ ಉತ್ತರ. ಈ ಒಂದು ಶಬ್ದವನ್ನು ಅಕ್ಕನ ಬಾಯಿಂದ ಕೀಳಲು ನಾನು ಮಧ್ಯಾಹ್ನದವರೆಗೆ ಹೆಣಗಿದೆ. ಹತ್ತಾರು ಸಲ ಹೊರಗೆ ಹೋಗಿ ಒಳಗೆ ಬಂದೆ. ಪ್ರತಿಸಲವೂ "ಆರಾಮ"! ಕೊನೆಗೆ ಫೋಟೋ ಒಯ್ಯಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ, "ಕಮಲಕ್ಕ, ಇವರಿಗೇನ ಆಗೇತ್ರಿ?" ಎಂದು ಮೆಲ್ಲಗೆ ಕೇಳಿದ.

"ತರಬೇತಿ ಆಗೇತ್ರಿ" ಎಂದಳು ಅಕ್ಕ ಮರುಕದಿಂದ.

ಸೋಮವಾರ ಬೆಳಗ್ಗೆ ನನ್ನ ಕಣ್ಣು ಅಕ್ಕನ ಮನೆಯ ಮೇಲೆ ಬಿತ್ತು. ಅಯ್ಯೋ ದೇವರೇ! ಆ ಮನೆ ತುಂಬ ಸಾಕ್ಷಿಗಳೇ ಇದ್ದವು! ತೊಟ್ಟಿಲು ತೂಗುವ ಕೊಂಡಿಗೆ ಅವಳು ಒಂದು ದಪ್ಪ ಹಗ್ಗ ಇಳಿಬಿಟ್ಟಿದ್ದಳು. ಅದನ್ನು ಹಿಡಿದು ಏಳುತ್ತಾಳೆ. ನಾಲ್ಕು ಗಾಲಿ ಬಡಿಸಿದ ಒಂದು ಸ್ಟೂಲು. ಅದರ ಮೇಲೆ ಕೂತು ಅಡಿಗೆಮನೆಯಲ್ಲಿ ಮೀನಿನ ಹಾಗೆ ಓಡಾಡುತ್ತಾಳೆ. ಮೇಲಿನ ಡಬ್ಬಿ ಇಳಿಸಲು ತುದಿಗೆ ಕೊಕ್ಕೆ ಇರುವ ಕೋಲು. ಇಂಥ ಮನೆಯನ್ನು ನೋಡಿದ ಯಾವ ಅಧಿಕಾರಿ ನಾಲ್ಕು ಹಾಕಿಯಾನು? ಅಕ್ಕ ಮುಂದೆ ಅಂಗಡಿಯಲ್ಲಿ ಗಿರಾಕಿಯೊಂದಿಗೆ ಮರಾಠಿಯಲ್ಲಿ ಚೌಕಾಶಿ ನಡೆಸಿದ್ದಾಗ, ನಾನು ಹಗ್ಗ ಬಿಚ್ಚಿದೆ, ಕೊಕ್ಕೆಯ ಕೋಲು ತೆಗೆದೆ, ಸ್ಟೂಲು ಹೊತ್ತೆ. ಎಲ್ಲವನ್ನೂ ಬಚ್ಚಲುಮನೆಗೆ ತುರುಕಿ ಬಾಗಿಲು ಎಳೆದುಕೊಂಡೆ. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಕಾಲಿನಿಂದ ಒದ್ದು ಮುಚ್ಚಿದೆ.

ಹತ್ತು ಗಂಟೆಗೆ ಆಟೋದಲ್ಲಿ ಒಬ್ಬ ಮೇಡಂ ಬಂದರು. ಸಣ್ಣ ವಯಸ್ಸು, ಕನ್ನಡಕ, ಕೈಯಲ್ಲೊಂದು ಫೈಲು. ಅಕ್ಕ ಕೋಲೂರಿ ಒಳಗೆ ಬಂದು ಕುರ್ಚಿಯಲ್ಲಿ ಕೂತಳು.

"ಬರ್ರಿ ಬರ್ರಿ, ಕುಂದರ್ರಿ. ಬಿಸಲಾಗ ಬಂದೀರಿ. ಆರಾಮ ಅದೀರಿ?"

ಅಧಿಕಾರಿ ಕೇಳುವ ಮೊದಲೇ ಅಕ್ಕ ಕೇಳಿಬಿಟ್ಟಿದ್ದಳು! ಇದಕ್ಕೆ ತಾಲೀಮು ಆಗಿರಲಿಲ್ಲ.

"ಆರಾಮ್ರಿ. ನೀವು?" ಎಂದರು ಮೇಡಂ.

"ಆ..." ಎಂದಳು ಅಕ್ಕ. ನಾನು ಜೋರಾಗಿ ಕೆಮ್ಮಿದೆ. ಅಕ್ಕ ನನ್ನ ಮುಖ ನೋಡಿದಳು, ಮೇಡಂ ಮುಖ ನೋಡಿದಳು. "ಹಂಗ... ಅಷ್ಟಕ್ಕಷ್ಟರಿ" ಎಂದು ಕಳ್ಳತನ ಮಾಡಿದವಳಂತೆ ತಲೆ ತಗ್ಗಿಸಿದಳು. ಆರಾಮ ಎನ್ನದೆ ಉಳಿದದ್ದು ಅವಳ ಜೀವನದಲ್ಲೇ ಮೊದಲ ಸಲ ಇರಬೇಕು.

ಮುಂದಿನದನ್ನು ನಾನೇ ಕೈಗೆತ್ತಿಕೊಂಡೆ. ಸ್ನಾನ ಹೇಗೆ ಮಾಡುತ್ತೀರಿ ಎಂದು ಮೇಡಂ ಅಕ್ಕನನ್ನು ಕೇಳಿದರೆ, "ಆಗಂಗಿಲ್ರಿ!" ಎಂದೆ ನಾನು. ಸೀರೆ ಉಡುವುದು? "ಆಗಂಗಿಲ್ರಿ!" ಊಟ? "ಅದೂ ಆಗಂಗಿಲ್ರಿ!"

ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಊಟಾನೂ ಮಾಡಂಗಿಲ್ರಿ ಇವರು?"

ಅಕ್ಕನ ಮುಖ ಕೆಂಪಾಯಿತು. ನಾನು ಸಾವರಿಸಿಕೊಂಡು, "ಮಾಡಾಕ ಆಗೂದು ಬ್ಯಾರೆ, ಮಾಡೂದು ಬ್ಯಾರೆ ನೋಡ್ರಿ ಮೇಡಂ. ನಂದೂ ಟ್ರೇನಿಂಗ್ ಆಗೇತಿ" ಎಂದೆ.

"ಹೌದಾ? ಚಲೋ ಆತು. ಈಗ ಅವರು ಹೇಳಲಿ" ಎಂದರು ಮೇಡಂ.

ಅಷ್ಟರಲ್ಲಿ ಅಕ್ಕನಿಗೆ ಬಂದವರಿಗೆ ನೀರು ಕೊಟ್ಟಿಲ್ಲವೆಂಬ ನೆನಪಾಯಿತು. ನಮ್ಮಲ್ಲಿ ವೈರಿ ಮನೆಗೆ ಬಂದರೂ ಮೊದಲು ತಂಬಿಗೆ ನೀರು, ಆಮೇಲೆ ಜಗಳ. ಅಕ್ಕ "ತಡೀರಿ" ಎಂದು ಏಳಲು ಕೈ ಮೇಲೆತ್ತಿದಳು. ರೂಢಿಯ ಕೈ ಅದು. ನೋಡದೆಯೇ ಹಗ್ಗಕ್ಕೆ ಹೋಗುತ್ತದೆ. ಅಲ್ಲಿ ಹಗ್ಗವಿರಲಿಲ್ಲ. ಕೈ ಗಾಳಿಯನ್ನು ಹಿಡಿದು, ಅಕ್ಕ ದೊಪ್ಪೆಂದು ಕುರ್ಚಿಗೆ ಬಿದ್ದಳು. ಕುರ್ಚಿ ಇದ್ದದ್ದು ಪುಣ್ಯ. ಆಗ ಅವಳ ಮುಖ ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಯೋಜನೆ ನಡುವಿನಲ್ಲಿತ್ತು; ನಾಚಿಕೆಗೆ ಅದರಲ್ಲಿ ಜಾಗ ಇಟ್ಟಿರಲಿಲ್ಲ.

"ನನ್ನ ಹಗ್ಗ ಎಲ್ಲೈತೋ?" ಎಂದಳು ಸಣ್ಣ ದನಿಯಲ್ಲಿ.

"ನೀ ಕುಂದರಕ್ಕ. ನಾ ನೀರು ತರ್ತೀನಿ, ಚಹಾನೂ ಮಾಡ್ತೀನಿ!" ಎಂದು ನಾನು ಅಡಿಗೆಮನೆಗೆ ನುಗ್ಗಿದೆ.

ಅಡಿಗೆಮನೆ ಎಂಬುದು ಎಷ್ಟು ಅಪಾಯದ ಸ್ಥಳವೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ಚಹಾಪುಡಿಯ ಡಬ್ಬಿ ಹುಡುಕಿದರೆ ಸಾಸಿವೆ, ಸಕ್ಕರೆ ಹುಡುಕಿದರೆ ರವೆ. ಮೇಲಿನ ಹಲಗೆಯ ಡಬ್ಬಿ ಕೈಗೆಟಕಲಿಲ್ಲ. ಕೊಕ್ಕೆಯ ಕೋಲು ಬಚ್ಚಲಲ್ಲಿತ್ತು. ಹಾರಿ ಎಳೆದೆ. ಅರಿಶಿನ ನನ್ನ ತಲೆಗೆ ಅಭಿಷೇಕವಾಯಿತು. ಒಲೆ ಹೊತ್ತಿಸುವ ಹೊತ್ತಿಗೆ ಹಾಲು ಚೆಲ್ಲಿತು, ಅದನ್ನು ಒರೆಸಲು ತಂದ ನೀರೂ ಚೆಲ್ಲಿತು.

ಹೊರಗಿನಿಂದ ಮೇಡಂ ದನಿ ಕೇಳಿತು: "ಅಕ್ಕಾರ, ನಿಮ್ಮ ಬಚ್ಚಲಮನಿ ಒಮ್ಮಿ ನೋಡ್ಬೇಕ್ರಿ."

ಬಚ್ಚಲಮನೆ!

"ಬ್ಯಾಡ್ರಿ ಮೇಡಂ! ಬಚ್ಚಲದಾಗ ಹಾವೈತ್ರಿ!" ಎಂದು ಕೂಗುತ್ತಲೇ ಓಡಿ ಬಂದೆ. ಬರುವಾಗ ನಾನೇ ಚೆಲ್ಲಿದ ಹಾಲುನೀರಿನ ಮೇಲೆ ಕಾಲಿಟ್ಟೆ. ಅಲ್ಲಿಂದ ಮುಂದಿನ ಪ್ರಯಾಣ ನನ್ನ ಕೈಯಲ್ಲಿರಲಿಲ್ಲ. ಜಾರಿಕೊಂಡು ಹೋಗಿ ನೆಟ್ಟಗೆ ಬಚ್ಚಲ ಬಾಗಿಲಿಗೆ ಗುದ್ದಿದೆ. ಬಾಗಿಲು ತೆರೆಯಿತು. ಸ್ಟೂಲು ಹೊರಗುರುಳಿ ನನ್ನ ಬಲಗಾಲಿನ ಮೇಲೆ ಬಿತ್ತು. ಅದರ ಹಿಂದೆ ಕೋಲು. ಕೊನೆಗೆ ಹಗ್ಗ ಬಂದು ಹಾರದ ಹಾಗೆ ಕೊರಳಿಗೆ ಬಿತ್ತು. ತಲೆಯಲ್ಲಿ ಅರಿಶಿನ, ಕೊರಳಲ್ಲಿ ಹಗ್ಗ. ಕಟ್ಟು ಒಂದಿದ್ದರೆ ನನಗೇ ಗಾಜು ಹಾಕಿ ಗೋಡೆಗೆ ತೂಗುಹಾಕಬಹುದಿತ್ತು.

"ಹಾವು ಇದೇನ್ರಿ?" ಎಂದರು ಮೇಡಂ, ಹಗ್ಗದ ತುದಿ ಹಿಡಿದು.

ನನ್ನ ಹಿಮ್ಮಡಿ ಆಗಲೇ ಉಬ್ಬತೊಡಗಿತ್ತು. ಏಳಲು ಹೋದೆ, ಆಗಲಿಲ್ಲ. ಖರೇನೇ ಆಗಲಿಲ್ಲ!

"ಸ್ಟೂಲ ಈ ಕಡೆ ನೂಕ್ರಿ ಮೇಡಂ" ಎಂದಳು ಅಕ್ಕ.

ಸ್ಟೂಲಿನ ಮೇಲೆ ಕೂತದ್ದೇ ತಡ, ಅಕ್ಕ ಬೇರೆಯೇ ಮನುಷ್ಯಳಾದಳು. ಸರ್ರನೆ ಬಂದು ನನ್ನ ಕಾಲು ಮುಟ್ಟಿ ನೋಡಿದಳು, ಹಳೆಯ ಸೀರೆ ಹರಿದು ಬಿಗಿಯಾಗಿ ಕಟ್ಟಿದಳು. ಸರ್ರನೆ ಅಡಿಗೆಮನೆಗೆ ಹೋದಳು. ನಾನು ಈಗಷ್ಟೇ ಹುಡುಕಿ ಸೋತ ಸಕ್ಕರೆ ಅವಳ ಕೈಗೆ ತಾನಾಗಿಯೇ ಬಂತು. ಚಹಾ ಕುದಿಯಿತು. ತಟ್ಟೆಯಲ್ಲಿ ಚೂಡಾ ಬಂತು, ಮೇಲೆ ಹೆಚ್ಚಿದ ಉಳ್ಳಾಗಡ್ಡಿ. ಇಷ್ಟರ ನಡುವೆ ನೆಲವನ್ನೂ ಒರೆಸಿದ್ದಳು.

"ಎಲ್ಲಾ ನೀವ ಮಾಡ್ಕೋತೀರಿ?" ಮೇಡಂ ಕೇಳಿದರು.

"ಮತ್ತ್ಯಾರ ಮಾಡ್ತಾರ್ರಿ? ಜಳಕಾ, ಅಡಗಿ, ಕಸಾ, ಅಂಗಡಿ, ಎಲ್ಲಾ ನಾನ. ದೀಪಾವಳಿಗೆ ಸುಣ್ಣಾನೂ ನಾನ ಹಚ್ಚೇನಿ, ನನ್ನ ಕೈ ಮುಟ್ಟೂ ತನಕ."

ಸೊನ್ನೆ! ಸೊನ್ನೆ! ಸೊನ್ನೆ! ನೆಲದ ಮೇಲೆ ಬಿದ್ದಲ್ಲಿಂದಲೇ ನನಗೆ ಸ್ಕೂಟರಿನ ಒಂದೊಂದೇ ಗಾಲಿ ಕಳಚಿ ಉರುಳಿಹೋಗುವುದು ಕಾಣಿಸಿತು.

"ಸುಳ್ರಿ ಮೇಡಂ!" ಎಂದು ಅರಚಿದೆ. "ಆಕಿಗೆ ಏನೂ ಆಗಂಗಿಲ್ರಿ! ಸುಳ್ಳ ಹೇಳಾಕತ್ತಾಳ!"

ಅಕ್ಕ ಸ್ಟೂಲು ತಿರುಗಿಸಿ ನನ್ನೆದುರಿಗೆ ತಂದು ನಿಲ್ಲಿಸಿದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ.

"ನಾ ಸುಳ್ಳ ಹೇಳ್ತೀನಿ? ಇಷ್ಟ ವರ್ಷ ಮಂದಿ ಮುಂದ 'ನಂಗ ಆಗ್ತೈತಿ, ಆಗ್ತೈತಿ' ಅಂತ ತೋರಸೂದರಾಗ ನನ್ನ ಅರ್ಧ ಜೀವಾ ಹೋತು. ಈಗ ನೀ ಬಂದು ಎರಡ ದಿನದಾಗ ಅದನ್ನ ಅಳಸಾಕ ನಿಂತೀಯಲ್ಲೋ! ಗಾಡಿ ಬರದಿದ್ರ ಬ್ಯಾಡ. ನನ್ನ ಕೈ ನಂಗ ಬೇಕು."

ಮೇಡಂ ಚಹಾದ ಕಪ್ಪು ಕೆಳಗಿಟ್ಟು ಕೇಳಿದರು: "ಅಕ್ಕಾರ, ಮನಿಯಾಗಿಂದು ಕಂಡೆ. ಇಲ್ಲಿ ನಿಮಗ ತ್ರಾಸಿಲ್ಲ, ಬರ್ಕೊಂಡೇನಿ. ಕಣಕುಂಬಿಗೆ ಹೋಗಬೇಕಂದ್ರ ಹೆಂಗ ಹೋಗ್ತೀರಿ?"

"ಹೋಗಂಗಿಲ್ರಿ. ಬಸ್ಸಿನ ಪಾವಟಿಗಿ ಎತ್ತರ, ಕೈಯಾಗ ಗಾಜು ಹಿಡದ್ರ ಕೋಲ ಹಿಡ್ಯಾಕ ಆಗಂಗಿಲ್ಲ. ಯಾರರ ಗಾಡಿ ಮ್ಯಾಲ ಕರ್ಕೊಂಡ ಹೋದ್ರ ಹಿಂದ ಕುಂತ ಹೋಗ್ತೀನಿ. ಅವರಿಗೆ ಪುರಸೊತ್ತ ಇದ್ದಾಗ, ಅವರು ಹೋಗೂ ಊರಿಗೆ." ಅಕ್ಕ ನನ್ನ ಕೊರಳಿನಿಂದ ತೆಗೆದ ಹಗ್ಗ ಸುತ್ತುತ್ತಾ ಹೇಳಿದಳು: "ಮೇಡಂ, ಹಿಂದ ಕುಂತ ಕುಂತ ನಂಗ ಖಾನಾಪುರದಾಗ ಎಲ್ಲಾರ ಬೆನ್ನ ಗುರ್ತ ಆಗ್ಯಾವ್ರಿ. ಯಾರ ಅಂಗಿ ಕಾಲರ್ ಹರದೈತಿ, ಯಾರ ಕುತಗಿ ಮ್ಯಾಲ ಮಚ್ಚಿ ಐತಿ ಎಲ್ಲಾ ಹೇಳ್ತೀನಿ. ದಾರಿ ಹೆಂಗ ಐತಿ ಕೇಳಬ್ಯಾಡ್ರಿ. ದಾರಿ ನಾ ನೋಡೇ ಇಲ್ಲ."

ಮೇಡಂ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಸರ್, ಇದನ್ನ ನೋಡಾಕ ಬಂದಿದ್ದೆ ನಾನು. ಮನಿಯಾಗ ಸೊನ್ನಿ, ಹೊರಗ ನಾಕು. ನಡುವಿನ ಅಂತರ ತುಂಬೂದು ಹಗ್ಗಾ, ಸ್ಟೂಲ, ಗಾಡಿ. ನೀವು ಬಚ್ಚಲದಾಗ ಇಟ್ಟಿದ್ದು ಇವರ ಪರವಾಗಿದ್ದ ಸಾಕ್ಷಿ ರೀ. ಪರಿಸರದ ಪಾಠಕ್ಕ ನೀವು ಇದ್ದಿಲ್ಲೇನು?" ಎಂದರು.

"ಇದ್ದೆ ರೀ" ಎಂದೆ. ಹೋಳಿಗೆಯ ವಿಷಯ ಹೇಳಲಿಲ್ಲ.

"ಇನ್ನ ಒಂದ ಪ್ರಶ್ನಿ ಉಳದೈತಿ ಅಕ್ಕಾರ. ನಿಮಗ ಅಡಚಣಿ ಆಗೂದು ಏನೇನು?"

ಅಕ್ಕ ಬೆರಳು ಮಡಚಿದಳು. "ಬಸ್ಸಿನ ಪಾವಟಿಗಿ. ಆಫೀಸಿನ ಎರಡನೇ ಮಾಳಿಗಿ. ಮತ್ತ, ಬೆಳಗಾವ್ಯಾಗ ನಮ್ಮ ತಮ್ಮನ ಆಫೀಸ ಐತಲ್ರಿ, ಅಲ್ಲಿ ನಮ್ಮಂಥಾವರಿಗಂತ ಇಳಿಜಾರ ಕಟ್ಟ್ಯಾರ. ಅದರ ಮ್ಯಾಲ ಬೈಕ ನಿಂತಿರ್ತೈತಿ."

"ಯಾರದ್ರಿ ಬೈಕು?"

ಅಕ್ಕ ನನ್ನ ಕಡೆ ನೋಡಿದಳು, ಅಷ್ಟೇ. ಅಲ್ಲಿ ಮಧ್ಯಾಹ್ನ ಒಳ್ಳೆಯ ನೆರಳು ಬೀಳುತ್ತದೆ, ಸೀಟು ಸುಡುವುದಿಲ್ಲ. ಇದನ್ನು ಮೇಡಂಗೆ ವಿವರಿಸಬೇಕೆಂದುಕೊಂಡೆ, ಆದರೆ ಕಾಲು ಬಹಳ ನೋಯುತ್ತಿತ್ತು.

"ಮನಿ ಮಂದಿ ನೆರವ ಆಗ್ತಾರೋ, ಅಡಚಣಿ ಆಗ್ತಾರೋ? ಅದಕ್ಕೂ ಸೊನ್ನಿಯಿಂದ ನಾಕರ ತನಕ ಐತ್ರಿ" ಎಂದರು ಮೇಡಂ.

"ಅಡಚಣಿ ರೀ" ಎಂದಳು ಅಕ್ಕ. "ನಾಕ ಬರ್ಕೊಳ್ರಿ."

ಮೇಡಂ ಬರೆದರು. ಹೊರಡುವಾಗ ಅವರ ಆಟೋದಲ್ಲೇ ನನ್ನನ್ನೂ ಆಸ್ಪತ್ರೆಗೆ ಸಾಗಿಸಿದರು. ದಾರಿಯಲ್ಲಿ, "ಸರ್, ಮನಿಯಾಗ ಚಹಾ ಮಾಡೂದು ನೀವಾ?" ಎಂದು ಕೇಳಿದರು. ಅನ್ವಯಿಸುವುದಿಲ್ಲ ಎಂದೆ. "ಅದಕ್ಕ ಅಂಕಿ ಒಂಬತ್ತಲ್ಲ ಸರ್, ನಾಕು. ನಾ ಕಣ್ಣಾರೆ ನೋಡೇನಿ" ಎಂದರು.

ಹಿಮ್ಮಡಿಯ ಎಲುಬು ಬಿರುಕುಬಿಟ್ಟಿತ್ತು. ಪ್ಲಾಸ್ಟರ್ ಹಾಕಿ ಬೆಳಗಾವಿಗೆ ಕಳಿಸಿದರು. ರಾಮತೀರ್ಥ ನಗರದ ನಮ್ಮ ಮನೆಯ ಮೆಟ್ಟಿಲುಗಳು ಎಷ್ಟು ಎತ್ತರವೆಂದು ಆಗ ನನಗೆ ಮೊದಲ ಸಲ ತಿಳಿಯಿತು. ಮಕಾನದಾರ ಚಾಚಾ ದಿನಾ ಸಂಜೆ ಬಂದು, "ಏಳೂದರಾಗ ಎಷ್ಟ ಬಿತ್ರಿ ಇವತ್ತ?" ಎಂದು ಅಕ್ಕರೆಯಿಂದ ವಿಚಾರಿಸುತ್ತಿದ್ದರು. ಮತ್ತೆ ಕಚೇರಿಗೆ ಹೋದ ದಿನ ಕಂಕುಳಲ್ಲಿ ಊರುಗೋಲು ಹಿಡಿದು ನಿಂತರೆ, ಇಳಿಜಾರಿನ ಮೇಲೆ ಸಾಹೇಬರ ಸ್ಕೂಟರ್ ನಿಂತಿತ್ತು. ನಾನಿಲ್ಲದಾಗ ಆ ನೆರಳನ್ನು ಅವರು ಹಿಡಿದಿದ್ದರು! ಮೆಟ್ಟಿಲ ಮೇಲೆ ಕೂತು ಕೂತು ಹತ್ತಿದೆ. ಮೇಲೆ ಹೋದಾಗ ಸಾಹೇಬರು, "ಹತ್ತಿ ಬಂದೀರಲ್ಲ! ಹಂಗಾರ ಪೂರ್ತಿ ಆರಾಮ ಆದಂಗ ಆತು" ಎಂದು ಬಾಕಿ ಫೈಲುಗಳನ್ನೆಲ್ಲ ನನ್ನ ಮೇಜಿಗೆ ಕಳಿಸಿದರು.

ಅಕ್ಕನಿಗೆ ಸ್ಕೂಟರ್ ಮಂಜೂರಾಯಿತು. ಲೈಸೆನ್ಸನ್ನೂ ಅವಳೇ ಮಾಡಿಸಿಕೊಂಡಳು. ಎಲ್ಲ ಮುಗಿಯುವವರೆಗೆ ನನಗೆ ಸುದ್ದಿಯನ್ನೇ ಕೊಡಲಿಲ್ಲ. ಶೋಭಾಳಿಗೆ ಮಾತ್ರ ದಿನಾ ಫೋನ್ ಬರುತ್ತಿತ್ತಂತೆ. ಅಷ್ಟರಲ್ಲಿ ಪ್ಲಾಸ್ಟರ್ ನನ್ನನ್ನು ಬಿಟ್ಟಿತ್ತು, ಕುಂಟು ಬಿಟ್ಟಿರಲಿಲ್ಲ.

"ಕಣಕುಂಬಿಗೆ ಹೊಂಟೇನಿ. ಬಾ, ಗಾಜ ಹಿಡ್ಯಾಕ ಒಬ್ಬಾಂವ ಬೇಕು" ಎಂದು ಒಂದು ದಿನ ಅಕ್ಕ ಕರೆದಳು.

"ನೀ ಒಬ್ಬಾಕಿನ ಹೋಗಬೇಕ ಅಂದಿದ್ದೆಲ್ಲಕ್ಕ?"

"ದಿನಾ ಒಬ್ಬಾಕಿನ ಹೋಗ್ತೀನೋ. ಇವತ್ತ ಸಾಮಾನ ಜಾಸ್ತಿ ಐತಿ."

ಹೋದೆ. ಅಕ್ಕ ಮುಂದೆ, ನಾನು ಹಿಂದೆ, ನನ್ನ ತೊಡೆಯ ಮೇಲೆ ಯಾರದೋ ಅಜ್ಜ ಗಾಜಿನೊಳಗಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಕಾಡಿನ ದಾರಿ ಬಹಳ ಚಂದ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ಅಕ್ಕನ ಬೆನ್ನು. ನೀಲಿ ಜಂಪರು, ಕುತ್ತಿಗೆಯ ಹತ್ತಿರ ಒಂದು ಹೊಲಿಗೆ ಬಿಟ್ಟಿದೆ. ರಸ್ತೆಯ ಪ್ರತಿ ಕುಣಿಗೂ ನನ್ನ ಹಿಮ್ಮಡಿಯಲ್ಲಿ ನೋವು ಚುಳ್ಳೆನ್ನುತ್ತಿತ್ತು. ಅಕ್ಕ ತಿರುವಿಗೊಮ್ಮೆ ಹಾರ್ನ್ ಬಾರಿಸಿ, ಎದುರು ಯಾರೂ ಇಲ್ಲದಿದ್ದರೂ, ತಾನು ಬಂದೆನೆಂದು ಕಾಡಿಗೆಲ್ಲ ತಿಳಿಸುತ್ತಿದ್ದಳು.

ದಾರಿಯ ಒಂದು ಚಹಾದಂಗಡಿಯ ಮುಂದೆ ಗಾಡಿ ನಿಂತಾಗ ಅಂಗಡಿಯವ ಓಡಿ ಬಂದ. ಗಾಡಿಯನ್ನು ನೋಡಿದ, ನನ್ನನ್ನು ನೋಡಿದ.

"ಕಮಲಕ್ಕ, ಇವತ್ತ ಹಿಂದ ಯಾರ್ರಿ?"

"ಅಡಚಣಿ ರೀ" ಎಂದಳು ಅಕ್ಕ.

ಅವನಿಗೆ ಅರ್ಥವಾಗಲಿಲ್ಲ. ಸಭ್ಯ ಮನುಷ್ಯ, ನನ್ನ ಕಡೆ ತಿರುಗಿ ಕೈ ಮುಗಿದ. "ನಮಸ್ಕಾರ್ರಿ ಸಾಹೇಬ್ರ. ಆರಾಮ ಅದೀರಿ?"

ಬಾತ ಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಹಲ್ಲು ಕಚ್ಚಿ, ನಾನು ಮುಖ ಅರಳಿಸಿದೆ.

"ಆರಾಮ ನೋಡ್ರಿ!"

ಅಕ್ಕ ಹಿಂದೆ ತಿರುಗಲಿಲ್ಲ. "ಅಲ್ಲೇ ಸೊನ್ನಿ ಬಿತ್ತು ನೋಡು" ಎಂದು ಗಾಡಿ ಚಾಲೂ ಮಾಡಿದಳು.